ಗೆಳೆಯನಿಗೊಂದು ಪತ್ರ: ಎರಡು ಚಮಚ ಕಾಫಿ

ಪ್ರೀತಿಯ ಡಾಕ್ಟ್ರೇ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಬರಲಿ ಬಿಡು. ನೀನು ಕಳಿಸಿದ ಎರಡೂ ಲೇಖನ ಓದಿದೆ. ಮೂರು ರಾತ್ರಿ ಬೇಕಾಯಿತು. ಉತ್ತರ ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಅಪ್ಪ ಹೋದಾಗ ಆಸ್ಪತ್ರೆಯನ್ನು ಬೈದು ಬರೆದದ್ದು ಇಲ್ಲೇ, ಎಲ್ಲರ ಮುಂದೆ. ಹಾಗಾಗಿ ಇದೂ ಇಲ್ಲೇ ಇರಲಿ. ಹಳದಿ ಛತ್ರಿಯ ವಿಷಯ ಎತ್ತಲ್ಲ, ಹೆದರಬೇಡ.

ಅವತ್ತು ಬರೆದದ್ದು ನೆನಪಿದೆ ಅಲ್ವಾ? "ಸ್ಟ್ರೋಕ್ ಆದ ದಿನವೇ ಆಂಟಿಬಯೋಟಿಕ್ ಶುರು ಮಾಡಿದ್ದರೆ ನ್ಯುಮೋನಿಯಾ ಬರುತ್ತಿರಲಿಲ್ಲ, ಅಪ್ಪ ಉಳಿಯುತ್ತಿದ್ದರು." ಒಂದು ವರ್ಷ ಇದನ್ನೇ ಹೇಳಿಕೊಂಡು ಓಡಾಡಿದೆ. ವರ್ಷಾಂತಿಕದ ದಿನ ಊಟದ ಪಂಕ್ತಿಯಲ್ಲೂ ಹೇಳಿದೆ.

ಬ್ರಿಟನ್ನಿನ ಡಾಕ್ಟರುಗಳಿಗೂ ಇದೇ ಯೋಚನೆ ಬಂದಿತ್ತು. ಅವರು ಪರೀಕ್ಷೆ ಮಾಡಿ ನೋಡಿದರು. 48 ಸ್ಟ್ರೋಕ್ ಘಟಕಗಳು, 1,200ಕ್ಕೂ ಜಾಸ್ತಿ ರೋಗಿಗಳು. ಎಲ್ಲರಿಗೂ ಅಪ್ಪನ ಹಾಗೇ ನುಂಗಲು ತೊಂದರೆ. ಮಾಮೂಲಿ ಆರೈಕೆ ಎಲ್ಲರಿಗೂ ಸಿಕ್ಕಿತು. ಕೆಲವು ಘಟಕಗಳಲ್ಲಿ ಮಾತ್ರ ಅದರ ಜೊತೆಗೆ 7 ದಿನ ಆಂಟಿಬಯೋಟಿಕ್ ಕೊಟ್ಟರು. 2015ರಲ್ಲಿ ಫಲಿತಾಂಶ ಬಂತು. ಔಷಧಿ ಸಿಕ್ಕವರಲ್ಲಿ ನೂರಕ್ಕೆ 13 ಜನರಿಗೆ ನ್ಯುಮೋನಿಯಾ, ಸಿಗದವರಲ್ಲಿ 10. ಔಷಧಿ ಕೆಟ್ಟದ್ದು ಮಾಡಿತು ಅಂತಲ್ಲ, ಅಷ್ಟು ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. ಆದರೆ ತಡೆಯಲಿಲ್ಲ.

ಅದೇ ವರ್ಷ ನೆದರ್ಲೆಂಡ್ಸ್‌ನದೂ ಬಂತು. 2,500ಕ್ಕೂ ಹೆಚ್ಚು ಜನ, ಅರ್ಧದಷ್ಟು ಮಂದಿಗೆ 4 ದಿನ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್. ಆ ಹೆಸರು ನೋಡಿ ಎದೆ ಧಸಕ್ಕೆಂದಿತು. ಮೊದಲೇ ಯಾಕೆ ಕೊಡಲಿಲ್ಲ ಅಂತ ನಾನು ವಾರ್ಡಿನಲ್ಲಿ ಕೂಗಾಡಿದ್ದು ಇದೇ ಔಷಧಿಗೆ. ಅಲ್ಲಿ ಮೂತ್ರದ ಸೋಂಕು ಕಡಿಮೆಯಾಯಿತು. ನ್ಯುಮೋನಿಯಾ ಕಡಿಮೆಯಾಗಲಿಲ್ಲ. ಮೂರು ತಿಂಗಳಾದ ಮೇಲೆ ನೋಡಿದರೆ ಚೇತರಿಕೆಯೂ ಎರಡೂ ಕಡೆ ಒಂದೇ.

ಇದನ್ನು ಓದುವವರು ತಪ್ಪು ತಿಳಿಯಬಾರದು. ನ್ಯುಮೋನಿಯಾ ಬಂದ ಮೇಲೆ ಆಂಟಿಬಯೋಟಿಕ್ ಬೇಕೇ ಬೇಕು. ಅಪ್ಪನಿಗೂ ಜ್ವರ ಬಂದ ದಿನವೇ ಕೊಟ್ಟರು. ಬರುವ ಮೊದಲೇ ಕೊಡಲಿಲ್ಲ ಅನ್ನುವುದು ನನ್ನ ಜಗಳ. ಆ ಜಗಳಕ್ಕೆ ಬುಡವೇ ಇರಲಿಲ್ಲ.

ನೀನು ಮೊದಲ ದಿನವೇ ಫೋನಿನಲ್ಲಿ ಹೇಳಿದ್ದೆ. "ನುಂಗೋದು ಪರೀಕ್ಷೆ ಮಾಡೋವರೆಗೆ ಬಾಯಿಗೆ ಏನೂ ಹಾಕಬೇಡ ಮಾರಾಯ, ನೀರೂ ಬೇಡ." ನರ್ಸಮ್ಮನೂ ಎರಡು ಸಲ ಹೇಳಿದರು. ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ನಳಿಗೆ, ರೈಲ್ಸ್ ಟ್ಯೂಬ್, ಹಾಕಿದ್ದರು. ಎರಡನೇ ರಾತ್ರಿ ಅಮ್ಮ ಕಳಿಸಿದ ಕಾಫಿ ಫ್ಲಾಸ್ಕಿನಲ್ಲಿತ್ತು. ಮುಚ್ಚಳ ತೆಗೆದೆ. ಅಪ್ಪ ತಿರುಗಿ ನೋಡಿದರು. ಮಾತು ಹೋಗಿತ್ತು, ಬಲಗೈ ಏಳುತ್ತಿರಲಿಲ್ಲ. ಎಡಗೈಯಲ್ಲಿ ಫ್ಲಾಸ್ಕ್ ತೋರಿಸಿದರು. ಎರಡು ಚಮಚ ಕೊಟ್ಟೆ ಕಣೋ. ಅವರು ಕೆಮ್ಮಲಿಲ್ಲ. ಸರಿಯಾಗಿ ನುಂಗಿದರು ಅಂದುಕೊಂಡೆ. ಸ್ಟ್ರೋಕ್ ಆದವರಿಗೆ ಕುಡಿದದ್ದು ಶ್ವಾಸನಾಳದೊಳಗೆ ಇಳಿದರೂ ಕೆಮ್ಮು ಬರದೇ ಇರಬಹುದು, ಹಾಗೆ ಇಳಿದದ್ದೇ ನ್ಯುಮೋನಿಯಾ ತರಬಹುದು ಅಂತ ಈಗ ಓದಿದೆ. ನಾಲ್ಕನೇ ದಿನ ಜ್ವರ, ಎದೆಯಲ್ಲಿ ಗೊರಗೊರ. ಒಂಬತ್ತನೇ ದಿನ ಹೋದರು.

ಇದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಬರೆಯಬೇಕು ಅಂತ ಕೂತದ್ದೂ ಇದನ್ನಲ್ಲ.

ನೀನು ಏನು ಹೇಳುತ್ತೀಯ ಗೊತ್ತು. ಬಾಯಿಗೆ ಏನೂ ಹಾಕದಿದ್ದರೂ ಜೊಲ್ಲೇ ಒಳಗೆ ಇಳಿಯುತ್ತದೆ ಅಂತೀಯ. ಮೆದುಳಿಗೆ ಪೆಟ್ಟು ಬಿದ್ದಾಗ ಮೈಯ ರೋಗ ತಡೆಯುವ ಶಕ್ತಿಯೇ ಕುಗ್ಗುತ್ತದೆ, ಬರ್ಲಿನ್‌ನವರು 2003ರಲ್ಲಿ ಇಲಿಗಳಲ್ಲಿ ಅದನ್ನು ತೋರಿಸಿದ್ದಾರೆ ಅಂತೀಯ. ಎರಡು ಚಮಚವೇ ಕಾರಣ ಅಂತ ಯಾರೂ ಹೇಳಲಾರರು ಅಂತೀಯ. ಇರಬಹುದು. ಆದರೆ ಆಸ್ಪತ್ರೆಯನ್ನು ಬೈಯುವಾಗ ನನಗೆ ಆ ಚಮಚ ನೆನಪಿತ್ತು. ಪ್ರತಿ ಸಲವೂ ನೆನಪಿತ್ತು.

ಇನ್ನೊಂದನ್ನು ನಾನೇ ಹುಡುಕಿ ಓದಿದೆ. ಆಸ್ಟ್ರೇಲಿಯಾದ್ದು, 2011ರದ್ದು. 19 ಸ್ಟ್ರೋಕ್ ಘಟಕಗಳು. ಅರ್ಧದಷ್ಟು ಕಡೆ ನರ್ಸುಗಳು ಮೂರೇ ವಿಷಯವನ್ನು ಕಟ್ಟುನಿಟ್ಟಾಗಿ ನೋಡಿಕೊಂಡರು: ಜ್ವರ, ರಕ್ತದ ಸಕ್ಕರೆ, ನುಂಗುವುದು. 90 ದಿನಗಳ ಹೊತ್ತಿಗೆ ತೀರಿಕೊಂಡವರು, ಪರರನ್ನು ಅವಲಂಬಿಸಬೇಕಾದವರು ಅಲ್ಲಿ ನೂರಕ್ಕೆ 42. ಉಳಿದ ಕಡೆ 58. ಓದಿ ಪುಸ್ತಕ ಮುಚ್ಚಿದ ಹಾಗೆ ಫೋನ್ ಮಗುಚಿ ಇಟ್ಟೆ. ನನಗೆ ಎರಡು ಸಲ ಹೇಳಿದ ನರ್ಸಮ್ಮನ ಹೆಸರೂ ನಾನು ಕೇಳಿಲ್ಲ. ಬೈಗುಳದಲ್ಲಿ ಅವರನ್ನೂ ಸೇರಿಸಿದ್ದೆ. ಬರುವ ವಾರ ಹೋಗಿ ಹುಡುಕುತ್ತೇನೆ.

ಹಳೆಯ ಬರಹ ಅಳಿಸುವುದಿಲ್ಲ. ಅದರ ಕೆಳಗೇ ಇದನ್ನು ಹಾಕುತ್ತೇನೆ. ಅಮ್ಮ ಇಲ್ಲಿ ಓದುವುದಿಲ್ಲ, ತಂಗಿ ಓದುತ್ತಾಳೆ. ಅವಳು ನೋಡುವ ಮೊದಲು ಫೋನ್ ಮಾಡಬೇಕು.

ಸಾಕು ಮಾರಾಯ. ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಹಿತ್ತಲಿನ ಹಲಸು ಬಲಿತಿದೆ, ಅಮ್ಮ ನಿನ್ನ ಪಾಲು ಅಂತ ಒಂದನ್ನು ಆಗಲೇ ಎತ್ತಿಟ್ಟಿದ್ದಾಳೆ. ಭಾನುವಾರ ಬಾ. ಛತ್ರಿ ತಾ. ಯಾವ ಛತ್ರಿ ಅಂತ ಹೇಳಲ್ಲ.

ನಿನ್ನ,
ಮೂರನೇ ಬೆಂಚಿನವನು