ಆ ಒಂಬತ್ತನೇ ಪ್ರಶ್ನೆಯ ಬಗ್ಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಮೆಸ್ಸಿನ ಸಾರು, ಗೈಡ್ ಮೇಡಂ ಸಿಟ್ಟು, ಧಾರವಾಡದ ಜಿಟಿಜಿಟಿ ಮಳೆ, ಇದಕ್ಕೆಲ್ಲ ಆಮೇಲೆ ಯಾವಾಗಾದರೂ ಉತ್ತರ ಬರೆಯುತ್ತೇನೆ. ಮನೆ ಸುದ್ದಿ ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ನಾನು ಬೇರೆ ಯಾಕೆ ಬರೆಯಲಿ. ನನ್ನ ನಿದ್ದೆ ಕೆಡಿಸಿದ್ದು, ಆ ಹಾಸ್ಟೆಲ್ ಹುಡುಗಿಗೆ ಸಾಯುವ ಯೋಚನೆಯ ಪ್ರಶ್ನೆ ಕೇಳಿದ್ದರ ಬಗ್ಗೆ ನೀನು ಕೊನೆಯಲ್ಲಿ ಬರೆದ ಒಂದು ಸಾಲು. "ನಾನು ಕೇಳಿದ್ದರಿಂದಲೇ ಅವಳಿಗೆ ಆ ಯೋಚನೆ ಬಂದುಬಿಟ್ಟರೆ?"

ಅದನ್ನು ಓದಿದ ಕೂಡಲೇ ಫೋನ್ ಮಾಡಿ "ಮೊದಲು ಆ ಹುಡುಗಿಯನ್ನು ನೋಡಿ ಬಾ, ಉಳಿದದ್ದು ಆಮೇಲೆ" ಅಂದೆ. ಹೋಗಿ ಬಂದೆ, ಮಾತಾಡಿದಳು ಅಂತ ನೀನು ಮೆಸೇಜ್ ಹಾಕಿದೆ. ಅಷ್ಟಕ್ಕೆ ಸಮಾಧಾನ. ಆದರೆ ಉಳಿದದ್ದು ಅಂದೆನಲ್ಲ, ಅದನ್ನು ಫೋನಿನಲ್ಲಿ ಹೇಳೋಕೆ ನನಗೆ ಬರುವುದಿಲ್ಲ. ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಅದಕ್ಕೇ ಈ ಕಾಗದ.

ಹಳ್ಳಿಯಿಂದ ಬಂದ ಹಾಸ್ಟೆಲ್ ಹುಡುಗಿಯರು ಕಷ್ಟವನ್ನು ಹೇಗೆ ನಿಭಾಯಿಸುತ್ತಾರೆ ಅನ್ನುವುದು ನಿನ್ನ ಸಂಶೋಧನೆಯ ವಿಷಯ. ಒಳ್ಳೆಯ ವಿಷಯವೇ. ಅದರ ಜೊತೆಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಹಾಳೆಯನ್ನೂ ಸೇರಿಸಿದ್ದೀಯ. ನಿದ್ದೆ, ಹಸಿವು, ಸುಸ್ತು, ಇವಕ್ಕೆಲ್ಲ ಸರಸರ ಗುರುತು ಹಾಕಿದ ಆ ಹುಡುಗಿ ಒಂಬತ್ತನೇ ಪ್ರಶ್ನೆಯ ಹತ್ತಿರ ಪೆನ್ನು ಎತ್ತಿ ಹಿಡಿದು ಕೂತಳು. ಸತ್ತರೇ ಚೆನ್ನಾಗಿತ್ತು ಅಂತ ಅನ್ನಿಸಿದೆಯಾ ಅನ್ನುವ ಪ್ರಶ್ನೆ ಅದು. ಆಮೇಲೆ "ಕೆಲವು ದಿನ" ಅಂತ ಗುರುತು ಹಾಕಿ, ಹಾಳೆ ಮಗುಚಿ ಕೊಟ್ಟಳು. ನೀನು ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ರೂಮಿಗೆ ಬಂದ ಮೇಲೆ ನಿನ್ನ ಕೈ ನಡುಗಿತು ಅಂತ ಬರೆದಿದ್ದೀಯ.

ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವ ಭಯ ನಿನ್ನೊಬ್ಬಳದ್ದಲ್ಲ. ನಾನು ಎಎನ್‌ಎಂ ಸಿಸ್ಟರ್ ಆಗಿ, ಹಳ್ಳಿ ಆರೋಗ್ಯದ ಕೆಲಸಕ್ಕೆ ಸೇರಿದಾಗ ನನಗೂ ಇತ್ತು. ಆಗ ನಮ್ಮ ಕೂಡ್ಲಿಗಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1985ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಕೆಲಸ ಶುರು ಮಾಡಿದರು. ದೊಡ್ಡ ಆಸ್ಪತ್ರೆಯಲ್ಲಿ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರ ಅಂತಾರಲ್ಲ, ಆ ಪಿಎಚ್‌ಸಿಗಳಲ್ಲಿ. ಅಲ್ಲಿನ ಡಾಕ್ಟರುಗಳಿಗೂ ನಮ್ಮಂಥ ಮನೆಮನೆ ತಿರುಗುವವರಿಗೂ ತರಬೇತಿ ಕೊಟ್ಟು, ಮಾತ್ರೆಯನ್ನು ಅಲ್ಲೇ ಸಿಗುವ ಹಾಗೆ ಮಾಡಿದರು. ಅದನ್ನೇ ನೋಡಿಕೊಂಡು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಯೋಜನೆ ಹೋಯಿತು. ನಿನ್ನ ಪುಸ್ತಕಗಳಲ್ಲಿ ಬಳ್ಳಾರಿ ಮಾದರಿ ಅಂತ ಇರುತ್ತದಲ್ಲ, ಅದೇ. ಆ ಪುಸ್ತಕಗಳಲ್ಲಿ ನಮ್ಮ ಚಪ್ಪಲಿ ಸವೆದದ್ದನ್ನು ಯಾರೂ ಬರೆದಿರುವುದಿಲ್ಲ, ಬಿಡು.

ನಾವು ಕೇಳುತ್ತಿದ್ದದ್ದು ಸುಲಭದ ಪ್ರಶ್ನೆಗಳು. ನಿಮ್ಮ ಓಣಿಯಲ್ಲಿ ಯಾರಿಗಾದರೂ ಮೂರ್ಛೆ ಬರುತ್ತದಾ? ಒಬ್ಬೊಬ್ಬರೇ ಮಾತಾಡಿಕೊಳ್ಳುತ್ತಾರಾ? ಸ್ನಾನ ಬಿಟ್ಟವರು, ಊಟ ಬಿಟ್ಟವರು ಇದ್ದಾರಾ? ಗಾಳಿ ಸೋಕಿದೆ ಅಂದವರ ಮನೆಗೂ ಹೋಗುತ್ತಿದ್ದೆವು. ಇದಕ್ಕೆಲ್ಲ ಜನ ಉತ್ತರ ಕೊಡುತ್ತಿದ್ದರು. ಸಾಯುವ ಮಾತು ಬಂದರೆ ಮಾತ್ರ ಎಲ್ಲರ ಬಾಯಿಯೂ ಮುಚ್ಚುತ್ತಿತ್ತು. ಆಗ ಆತ್ಮಹತ್ಯೆಗೆ ಪ್ರಯತ್ನಿಸುವುದೂ ಅಪರಾಧ. ಬದುಕಿದವರ ಮನೆ ಬಾಗಿಲಿಗೆ ಪೊಲೀಸರು ಬರುತ್ತಾರೆ ಅನ್ನುವ ಹೆದರಿಕೆ. ಹಾಗಾಗಿ ಎಲ್ಲವೂ "ಹೊಟ್ಟೆನೋವು". ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದಿದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಅಂತ ಅದು ಹೇಳುತ್ತದೆ. ಕಾನೂನು ಬದಲಾಯಿತು. ಜನ ಇನ್ನೂ ಹೊಟ್ಟೆನೋವು ಅಂತಲೇ ಹೇಳುತ್ತಾರೆ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ.

ಇಲ್ಲಿ ನನ್ನ ಬಿಪಿ ನೋಡುವ ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರು ಹೇಳದೆ ಈ ವಿಷಯ ಎತ್ತಿದೆ. ಅವರು ಒಂದು ಅಧ್ಯಯನದ ಬಗ್ಗೆ ಹೇಳಿದರು, ನಿನಗೆ ಗೊತ್ತಿದ್ದರೂ ಇರಬಹುದು. 2005ರಲ್ಲಿ ಪ್ರಕಟವಾದದ್ದು. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,300ಕ್ಕೂ ಹೆಚ್ಚು ಮಕ್ಕಳು. ಅರ್ಧ ಮಕ್ಕಳಿಗೆ ಸಾಯುವ ಯೋಚನೆಯ ಪ್ರಶ್ನೆ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಎರಡು ದಿನ ಬಿಟ್ಟು ಎಲ್ಲರನ್ನೂ ನೋಡಿದರೆ, ಕೇಳಿಸಿಕೊಂಡವರಲ್ಲಿ ಆ ಯೋಚನೆ ಜಾಸ್ತಿಯೇನೂ ಆಗಿರಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳ ಸಂಕಟ, ಕೇಳಿದ್ದರಿಂದ ಹೆಚ್ಚುವ ಬದಲು ಸ್ವಲ್ಪ ಕಮ್ಮಿಯೇ ಕಂಡಿತಂತೆ.

ನಾನು ಅಷ್ಟಕ್ಕೇ ಒಪ್ಪುವವಳಲ್ಲ. ಆ ಮಕ್ಕಳು ಎಲ್ಲಿ, ಮನೆಗೆ ಮೊದಲ ಡಿಗ್ರಿ ತರಬೇಕು ಅಂತ ಅಪ್ಪ ಸಾಲ ಮಾಡಿ ಕಳಿಸಿದ ನಮ್ಮ ಹುಡುಗಿಯರು ಎಲ್ಲಿ ಅಂದೆ. ಡಾಕ್ಟರಮ್ಮ ನಕ್ಕು, "ಆ ಮೇಲೆ ಬೇರೆ ಕಡೆ ನಡೆದ ಅಧ್ಯಯನಗಳೂ ಅದನ್ನೇ ಹೇಳಿವೆ ಅಮ್ಮಾ, ನೀವು ಕೆಲಸ ಮಾಡುವಾಗ ಏನು ನೋಡಿದಿರಿ ಹೇಳಿ" ಅಂದರು. ನಾನು ಉತ್ತರ ಕೊಡದೆ ಎದ್ದು ಬಂದೆ. ನಿನಗೆ ಹೇಳುತ್ತೇನೆ.

ನೀನು ನೋಡದ ನಿನ್ನ ಮಾವ, ನನ್ನ ತಮ್ಮ, ತೀರಿಕೊಂಡ ವರ್ಷದ ಮಾತು ಇದು. ಹೇಗೆ, ಯಾಕೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ. ಅವನ ಹನ್ನೊಂದನೇ ದಿನ ಮುಗಿಸಿ ನಾನು ಡ್ಯೂಟಿಗೆ ವಾಪಸ್ ಹೋದೆ. ಎಲ್ಲರೂ ಮಾತಾಡಿಸುತ್ತಿದ್ದರು. ಶೇಂಗಾ ಬೆಳೆ ಹೇಗಿದೆ, ಟ್ರಾನ್ಸ್‌ಫರ್ ಆಗುತ್ತದಾ, ಕಾಫಿ ಕುಡೀರಿ. ಪಾಪ, ಯಾರದ್ದೂ ತಪ್ಪಿಲ್ಲ. ನನಗೆ ನೋವಾಗಬಾರದು ಅಂತ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ. ನಾನು ಊರಿನವರ ಬೇಜಾರು ಬರೆದುಕೊಳ್ಳುವ ರಿಜಿಸ್ಟರ್ ಹಿಡಿದು ಓಡಾಡುತ್ತಿದ್ದೆ, ನನ್ನ ಒಳಗೆ ಏನು ನಡೆದಿದೆ ಅನ್ನುವುದು ಯಾವ ಕಾಲಂನಲ್ಲೂ ಇರಲಿಲ್ಲ.

ನಮ್ಮ ಪಿಎಚ್‌ಸಿಯಲ್ಲಿ ಒಬ್ಬ ಆಯಾ ಇದ್ದಳು. ಓದು ಬರಹ ಇಲ್ಲ, ಸಂಬಳದ ದಿನ ಹೆಬ್ಬೆಟ್ಟು ಒತ್ತುವವಳು. ಒಂದು ದಿನ ಸಿರಿಂಜ್ ಕುದಿಸಲು ಇಟ್ಟು, ನನ್ನ ಮುಖ ನೋಡದೆ ಕೇಳಿದಳು. "ಸಿಸ್ಟರಮ್ಮಾ, ನಿನಗೂ ತಮ್ಮನ ಹಿಂದೇನ ಹೋಗಬೇಕು ಅನಸ್ತೈತೇನು?"

ಅನಿಸುತ್ತದೆ ಅಂದೆ. ಅಷ್ಟು ದಿನ ನನಗೆ ನಾನೇ ಹೇಳಿಕೊಳ್ಳದ ಮಾತು ಅದು. ಅವಳು ಕೇಳಿದ್ದರಿಂದ ಹುಟ್ಟಿದ್ದಲ್ಲ ಪುಟ್ಟಿ, ಮೊದಲೇ ಇತ್ತು. ಅವಳು ಬಾಗಿಲು ತಟ್ಟಿದಳು ಅಷ್ಟೇ. ಬೆಚ್ಚಲಿಲ್ಲ, ಬೈಯಲಿಲ್ಲ, "ಹಂಗೆಲ್ಲ ಅನ್ನಬಾರದು" ಅನ್ನಲಿಲ್ಲ. ಸಂಜೆ ನನ್ನ ಜೊತೆಗೇ ಕ್ವಾರ್ಟರ್ಸ್‌ಗೆ ಬಂದಳು. ಮನೆಯಲ್ಲಿ ಇರಬಾರದ್ದು ಏನಾದರೂ ಇದೆಯಾ ಅಂತ ನೋಡಿದಳು, ಕೆಲವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ರೊಟ್ಟಿ ತಟ್ಟಿ, ನಾನು ತಿನ್ನುವವರೆಗೂ ಕೂತಳು. ಬಹಳ ದಿನ ಹಾಗೇ ಬಂದಳು. ನಿನ್ನ ಓದಿನಲ್ಲಿ ಇದಕ್ಕೆಲ್ಲ ಒಂದೊಂದು ದೊಡ್ಡ ಹೆಸರು ಇರುತ್ತದೆ.

ನಿಮ್ಮಜ್ಜಿಯನ್ನು ಮಾತ್ರ ಯಾರೂ ಹಾಗೆ ಕೇಳಲಿಲ್ಲ. ಅವರು ಆಮೇಲೆ ಅಷ್ಟು ವರ್ಷ ಬದುಕಿದರು, ಸುಮ್ನೆ ಪೂಜೆ ಮಾಡಿಕೊಂಡು. ನಿನ್ನ ಪ್ರಶ್ನಾವಳಿ ಲಜಾರಸ್ ಮತ್ತು ಫೋಕ್‌ಮನ್ ಅನ್ನುವವರು 1984ರ ಪುಸ್ತಕದಲ್ಲಿ ಹೇಳಿದ, ಕಷ್ಟ ನಿಭಾಯಿಸುವ ಎರಡು ಬಗೆಯ ಮೇಲೆ ನಿಂತಿದೆ ಅಂತ ಬರೆದಿದ್ದೀಯಲ್ಲ, ಕಷ್ಟವನ್ನೇ ಸರಿಮಾಡಲು ಹೊರಡುವುದು ಒಂದು, ಕಷ್ಟ ತಂದ ಸಂಕಟವನ್ನು ತಣಿಸಿಕೊಳ್ಳುವುದು ಇನ್ನೊಂದು ಅಂತ. ಮಗ ಹೋದ ತಾಯಿ ಸರಿಮಾಡುವುದು ಏನನ್ನು ಹೇಳು. ಅಜ್ಜಿ ನೆಮ್ಮದಿಯಾಗಿದ್ದರಾ, ಸುಮ್ಮನೆ ಸಹಿಸಿಕೊಂಡಿದ್ದರಾ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಈಗ ಕೇಳೋಕೆ ಅವರಿಲ್ಲ. ಇದೊಂದು ನನ್ನೊಳಗೆ ಹಾಗೇ ಉಳಿದಿದೆ.

ಹಾಗಂತ ನಿನ್ನ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎರಡು ದಿನ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ನೀನು ಹೆದರಬೇಕಾದ್ದು ಕೇಳಿದ್ದಕ್ಕೆ ಅಲ್ಲ ಅನಿಸುತ್ತದೆ. ಕೇಳಿ, ಉತ್ತರ ಸಿಕ್ಕ ಮೇಲೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆಯಲ್ಲ, ಅದಕ್ಕೆ. ಬೈಯುತ್ತಿಲ್ಲ ಮಗಳೇ. ಹಾಗೆ ಎದ್ದು ಬಾ ಅಂತಲೇ ನಿನಗೆ ಕಲಿಸಿದ್ದಾರೆ. ಹಾಳೆಗಳನ್ನು ಕವರಿಗೆ ಹಾಕಿ, ಪರೀಕ್ಷೆ ಮುಗಿದ ಮೇಲೆ ಕಂಪ್ಯೂಟರಿಗೆ ಏರಿಸುವಾಗ "ಓ, ಇವಳು ಹೀಗೆ ಬರೆದಿದ್ದಾಳೆ" ಅಂತ ನೋಡಿದರೆ ಅಷ್ಟರಲ್ಲಿ ಎಷ್ಟು ದಿನ ಹೋಗಿರುತ್ತದೆ. ಒಂಬತ್ತನೆಯದನ್ನು ಕೇಳುವುದಾದರೆ ಆ ಹಾಳೆಯನ್ನು ಅಲ್ಲೇ, ಅವಳು ಎದ್ದು ಹೋಗುವ ಮೊದಲೇ ನೋಡು. ಗೈಡ್ ಅದನ್ನು ತೆಗೆದುಹಾಕು ಅಂದರು, ಎಂಟೇ ಪ್ರಶ್ನೆಯ ಹಾಳೆಯೂ ಇದೆ ಅಂತ ಬರೆದಿದ್ದೀಯ. ಉತ್ತರ ಬಂದ ಮೇಲೆ ಕೂತು ಮಾತಾಡುವವರು ಯಾರೂ ಇಲ್ಲ ಅಂದರೆ ಎಂಟೇ ಸಾಕು, ಅದು ಪ್ರಾಮಾಣಿಕ. ಆದರೆ ತೆಗೆದರೆ ನಮಗೆ ತಲೆನೋವಿಲ್ಲ ಅಂತ ತೆಗೆಯುವುದಾದರೆ, ನನಗೆ ಅದು ಸರಿ ಕಾಣುವುದಿಲ್ಲ. ನಾನು ಹೇಳಿದ್ದೇ ಸರಿ ಅಂತಲ್ಲ. ನಿಮ್ಮ ಎಥಿಕ್ಸ್ ಕಮಿಟಿಯವರನ್ನು ಕೇಳು, ಸಮ್ಮತಿ ಪತ್ರದಲ್ಲೇ "ಹೀಗೆ ಬರೆದರೆ ನಾನು ನಿಮ್ಮ ಹತ್ತಿರ ಮಾತಾಡುತ್ತೇನೆ" ಅಂತ ಮೊದಲೇ ಹೇಳಬಹುದಾ ಅಂತ.

ಇನ್ನೊಂದು. 14416 ನಂಬರ್ ಇದೆಯಲ್ಲ, ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಅದನ್ನು ಹಾಳೆಯ ಕೆಳಗೆ ಬರೆದುಕೊಡುತ್ತೀಯ ಅಂತ ಗೊತ್ತು. ಬರೆದುಕೊಡುವ ಮೊದಲು ನೀನೇ ಒಂದು ಸಲ ಫೋನ್ ಮಾಡಿ ನೋಡು. ಯಾರು ಎತ್ತುತ್ತಾರೆ, ಕನ್ನಡದಲ್ಲಿ ಹೇಗೆ ಮಾತಾಡುತ್ತಾರೆ, ಎಷ್ಟು ಹೊತ್ತು ಕಾಯಬೇಕು. ಆಗ ಆ ಹುಡುಗಿಗೆ "ಹೀಗೆ ಹೀಗೆ ಕೇಳುತ್ತಾರೆ, ಹೆದರಬೇಡ" ಅನ್ನಬಹುದು. ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿನ್ನ ಊರಲ್ಲೇ ಇದೆ. ಹೋಗು ಅನ್ನುವ ಬದಲು ಜೊತೆಗೆ ಹೋಗು. ಒಬ್ಬಳಿಗೇ ಇದೆಲ್ಲ ಆಗುವುದಿಲ್ಲ, ವಾರ್ಡನ್‌ಗೋ ಮೇಡಂಗೋ ತಿಳಿಸಲೇಬೇಕು. ಅವಳಿಗೆ ಮೊದಲು ಹೇಳಿ ಆಮೇಲೆ ತಿಳಿಸು, ಬೆನ್ನ ಹಿಂದೆ ಬೇಡ. ಆಗಲೇ ಇದನ್ನೆಲ್ಲ ಮಾಡಿದ್ದರೆ ಮುದುಕಿಯ ಮಾತು ಅಂತ ಬಿಟ್ಟುಬಿಡು.

ನಿನ್ನ ಕೈ ನಡುಗಿದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ದಿನಾ ಇನ್ನೊಬ್ಬರ ಕಷ್ಟ ಕೇಳಿ, ರಾತ್ರಿ ಅದನ್ನೇ ಟೈಪ್ ಮಾಡುತ್ತೀಯ. ಆ ಹುಡುಗಿಯ ಬಗ್ಗೆ ನೀನು ನಾಲ್ಕು ಪುಟ ಬರೆದೆ, ನಿನ್ನ ಬಗ್ಗೆ ಆ ಒಂದು ಸಾಲು ಬಿಟ್ಟರೆ ಏನೂ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ. ನಿನಗೆ ಹಾಗೆಲ್ಲ ಅನ್ನಿಸುತ್ತಾ? ಇಲ್ಲ ಅಂದರೆ ಇಲ್ಲ ಅನ್ನು, ನಂಬುತ್ತೇನೆ. ಹೌದು ಅಂದರೂ ನಾನು ಬೆಚ್ಚುವುದಿಲ್ಲ, ಹೊಸಪೇಟೆಯಿಂದ ಹುಬ್ಬಳ್ಳಿ ರೈಲು ಹತ್ತುತ್ತೇನೆ, ಅಷ್ಟೇ. ಬರೆಯೋಕೆ ಆಗದಿದ್ದರೆ ಫೋನ್ ಮಾಡು, ರಾತ್ರಿ ಎಷ್ಟೊತ್ತಾದರೂ ಸರಿ. ಹೇಗೂ ನನಗೆ ನಿದ್ದೆ ಕಮ್ಮಿ.

ಆ ಆಯಾ ವಿಷಯ ನಿಮ್ಮಮ್ಮನಿಗೆ ಗೊತ್ತಿಲ್ಲ. ನೀನು ಹೇಳಬೇಡ, ಬರುವ ಹಬ್ಬಕ್ಕೆ ಬಂದಾಗ ನಾನೇ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ