ಅಂಗವಿಕಲರ ತೆರಿಗೆ ಕಡಿತ: ತಪ್ಪುವುದು ಎಲ್ಲಿ?

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡಿಗರಲ್ಲಿ ಹೋಟೆಲು, ಸಣ್ಣ ಅಂಗಡಿ ನಡೆಸುವವರು ಬಹಳ. ಮನೆಯಲ್ಲಿ ಅಂಗವಿಕಲ ಮಗುವೋ ತಾಯಿಯೋ ಇದ್ದರೆ 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮಿನಡಿ, ತೆರಿಗೆ ಬೀಳುವ ಆದಾಯದಿಂದ 75,000 ರೂ., ವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂ. ಕಡಿತ ಉಂಟು. ಖರ್ಚು ಕಡಿಮೆಯಾಗಿದ್ದರೂ ಮೊತ್ತ ಅಷ್ಟೇ. ಆದರೆ ಅವಲಂಬಿತರೇ ತಮ್ಮ ರಿಟರ್ನ್‌ನಲ್ಲಿ 80ಯು ಕಡಿತ (ಅಂಗವಿಕಲರು ತಮಗಾಗಿಯೇ ಪಡೆಯುವಂಥದ್ದು) ಪಡೆದರೆ ಇದು ಸಿಗದು.

ಎಡವುವುದು ಬೇರೆ ಕಡೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತವೇ ಇಲ್ಲ, ಮತ್ತು ಈಗ ತಾನಾಗಿ ಅನ್ವಯಿಸುವುದು ಅದೇ. ಹಳೆಯದು ಬೇಕೆಂದರೆ ಸಂಬಳದಾರರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗಲೇ ಆರಿಸಬೇಕು. ವ್ಯಾಪಾರದ ಆದಾಯವಿದ್ದವರು 10-ಐಇಎ ಫಾರ್ಮ್ ಕೂಡ ತುಂಬಬೇಕು. ತಡವಾದರೆ ಮುಗಿಯಿತು. ಆಟಿಸಂ, ಸೆರೆಬ್ರಲ್ ಪಾಲ್ಸಿಗೆ 10-ಐಎ ನಮೂನೆಯ ಪ್ರಮಾಣಪತ್ರ ಬೇಕು. ಪತ್ರಕ್ಕೆ ಅವಧಿ ನಮೂದಾಗಿದ್ದರೆ ನವೀಕರಿಸದೆ ಮುಂದಿನ ವರ್ಷಗಳ ಕಡಿತ ಇಲ್ಲ. ಹಾಗೆಂದು ಎಲ್ಲರೂ ಹಳೆಯದಕ್ಕೆ ಮರಳಬೇಕಿಲ್ಲ: ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ.

ಇನ್ನೊಂದು ಕೊರತೆಯೂ ಇದೆ. ಆರೈಕೆಗೆಂದು ಕೆಲಸ ಬಿಟ್ಟ ಅಥವಾ ಅರ್ಧ ದಿನಕ್ಕೆ ಇಳಿದ ತಾಯಿಗೆ, ತೆರಿಗೆ ಕಟ್ಟುವಷ್ಟು ಆದಾಯವಿಲ್ಲದಿದ್ದರೆ, ಈ ಕಡಿತ ಕಾಗದದ ಮೇಲಷ್ಟೇ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ವರೆಗಿದ್ದ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ಟಿಗೆ (ಕಡಿಮೆ ಆದಾಯದ ದುಡಿಯುವವರಿಗೆ ಸರ್ಕಾರ ಕೊಡುತ್ತಿದ್ದ ಹಣ) ಮಕ್ಕಳಿರುವ ದಂಪತಿ ವಾರಕ್ಕೆ ಒಟ್ಟು 24 ಗಂಟೆ ದುಡಿಯಬೇಕಿತ್ತು. ಒಬ್ಬರು ಆರೈಕೆದಾರರ ಭತ್ಯೆಗೆ ಅರ್ಹರಾಗಿದ್ದರೆ ಇನ್ನೊಬ್ಬರ 16 ಗಂಟೆಯೇ ಸಾಕಿತ್ತು. ಆರೈಕೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವ ಅಂಥದೊಂದು ನಿಯಮ ನಮ್ಮ ತೆರಿಗೆ ಕಾನೂನಿನಲ್ಲಿ ಇಲ್ಲ.

— ಓದುಗರೊಬ್ಬರು, ಡೊಂಬಿವಲಿ