ಕೋರ್ಟಿಗೆ ಹೊರಟ ಸೊಸೆಗೆ

ಚಿ. ಸಹನಾಗೆ, ನಿನ್ನ ಸೋದರಮಾವನ ಆಶೀರ್ವಾದಗಳು.

ಹೈಕೋರ್ಟಿನ ಸೀನಿಯರ್ ವಕೀಲರೊಬ್ಬರ ಹತ್ತಿರ ಸೇರಿಕೊಂಡೆ ಅಂತ ತಿಳಿದು ಮನೆಯವರಿಗೆಲ್ಲ ಖುಷಿಯಾಯಿತು. ಆದರೆ ಅದೇ ಪತ್ರದಲ್ಲಿ ‘ಲೋವರ್ ಕೋರ್ಟಿನಲ್ಲಿ ಕಲಿಯೋದು ಏನಿದೆ ಮಾವ’ ಅಂತ ಕೇಳಿದ್ದೀಯಲ್ಲ, ಅದು ಮನಸ್ಸಿಗೆ ಹಿಡಿಸಲಿಲ್ಲ. ಶಿರಸ್ತೇದಾರನಾಗಿ ಆ ಕೋರ್ಟುಗಳಲ್ಲೇ ತಲೆ ಹಣ್ಣಾದವನು ನಾನು.

ಮೊದಲು ಆ ಮಾತು ಬಿಡು. ವಿಚಾರಣಾ ನ್ಯಾಯಾಲಯವನ್ನು ಲೋವರ್ ಕೋರ್ಟ್ ಅನ್ನಬಾರದು ಅಂತ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಲ್ಲಿಂದ ಬರುವ ಕಡತವನ್ನೂ ‘ಎಲ್‌ಸಿಆರ್’, ಅಂದರೆ ‘ಲೋವರ್ ಕೋರ್ಟ್ ರೆಕಾರ್ಡ್’, ಅನ್ನದೆ ‘ಟ್ರಯಲ್ ಕೋರ್ಟ್ ರೆಕಾರ್ಡ್’ ಅನ್ನಬೇಕಂತೆ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ನಮ್ಮ ಹೈಕೋರ್ಟಿಗೂ ಮುಖ್ಯ ನ್ಯಾಯಮೂರ್ತಿಯಾಗಿದ್ದವರು.

‘ಸಬಾರ್ಡಿನೇಟ್’, ಅಂದರೆ ಅಧೀನ, ಅನ್ನುವ ಮಾತು ಬೇರೆ. ಅದು ಸಂವಿಧಾನದಲ್ಲೇ ಇದೆ, 233ರಿಂದ 237ರವರೆಗಿನ ವಿಧಿಗಳ ತಲೆಬರಹ. 235ನೇ ವಿಧಿ ತೆಗೆದು ಓದು. ಈ ಕೋರ್ಟುಗಳ ಜಡ್ಜುಗಳ ಪೋಸ್ಟಿಂಗ್, ಬಡ್ತಿ, ರಜೆಯ ಹತೋಟಿ ಹೈಕೋರ್ಟಿನದು. ಹಾಗಂತ ಈ ಕೇಸಿಗೆ ಇಂಥದ್ದೇ ತೀರ್ಪು ಬರೆ ಅಂತ ಮೇಲಿನವರು ಹೇಳುವ ಹಾಗಿಲ್ಲ. ಸಬಾರ್ಡಿನೇಟ್ ಲೆಜಿಸ್ಲೇಶನ್ ಅಂದಾಗಲೂ ಅಷ್ಟೇ, ಕಾಯ್ದೆ ಕೊಟ್ಟ ಅಧಿಕಾರದೊಳಗೆ ಸರ್ಕಾರ ಮಾಡುವ ನಿಯಮಗಳು. ಯೋಗ್ಯತೆ ಕಡಿಮೆ ಅನ್ನುವ ಅರ್ಥ ಎಲ್ಲಿದೆ ಹೇಳು?

ಇನ್ನು ಕಲಿಯುವ ವಿಷಯ. ಜಮೀನಿನ ದಾವೆಯಲ್ಲಿ ಕ್ರಾಸ್, ಅಂದರೆ ಸಾಕ್ಷಿಗೆ ಎದುರು ವಕೀಲರ ಪಾಟೀಸವಾಲು, ನಡೆಯುತ್ತಿರುತ್ತದೆ ಅಂದುಕೋ. ಬದು ಒತ್ತಿದ್ದು ನೀವೇ ಅಲ್ವಾ ಅಂತ ವಕೀಲರು ಕೇಳುತ್ತಾರೆ. ಸಾಕ್ಷಿ ತನ್ನ ವಕೀಲರ ಮುಖ ನೋಡುತ್ತಾನೆ, ಉಗುಳು ನುಂಗುತ್ತಾನೆ, ಆಮೇಲೆ ಇಲ್ಲ ಅನ್ನುತ್ತಾನೆ. ಜಡ್ಜ್ ಹೇಳಿದ್ದನ್ನು ಸ್ಟೆನೋ ಟೈಪ್ ಮಾಡುತ್ತಾರೆ: ‘ನಾನು ಬದು ಒತ್ತಿದ್ದೇನೆ ಎಂದರೆ ಸರಿಯಲ್ಲ.’ ಹೈಕೋರ್ಟಿನಲ್ಲಿ ನಿನ್ನ ಕೈಗೆ ಬರುವುದು ಆ ಸಾಲು ಮಾತ್ರ. ಆ ಮುಖ ಕಂಡವರು ಇಲ್ಲಿನ ಜಡ್ಜ್. ಸಾಕ್ಷಿಯ ಹಾವಭಾವ ಬರೆದಿಡಲು ಸಿಪಿಸಿಯ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ, 18ನೇ ಆದೇಶ, 12ನೇ ನಿಯಮ ಅವರಿಗೆ ಅವಕಾಶ ಕೊಟ್ಟಿರುವುದು ಸುಮ್ನೆ ಅಲ್ಲ. ಎರಡನೇ ಅಪೀಲಿಗಂತೂ 100ನೇ ಸೆಕ್ಷನ್ ಪ್ರಕಾರ ಕಾನೂನಿನ ಗಟ್ಟಿ ಪ್ರಶ್ನೆಯೇ ಬೇಕು. ಇಲ್ಲಿ ಕ್ರಾಸಿನಲ್ಲಿ ಕೇಳದೆ ಬಿಟ್ಟಿದ್ದರೆ ಅಲ್ಲಿ ಎಷ್ಟು ಚೆನ್ನಾಗಿ ವಾದ ಮಾಡಿದರೂ ಕಷ್ಟ.

ಅದಕ್ಕೇ ಹೇಳುವುದು, ಒಂದೆರಡು ವರ್ಷವಾದರೂ ತಾಲೂಕು ಕೋರ್ಟಿನಲ್ಲಿ ಕೆಲಸ ಮಾಡು. ನಿನ್ನ ಸೀನಿಯರ್ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡು, ಅವರೂ ಬೇಡ ಅನ್ನಲಾರರು. ಸಿವಿಲ್ ಜಡ್ಜ್ ನಿನ್ನ ವಯಸ್ಸಿನವರೇ ಇರಬಹುದು, ಪೀಠಕ್ಕೆ ಕೊಡುವ ಗೌರವದಲ್ಲಿ ಕೊರತೆ ಮಾಡಬೇಡ. ಬೆಂಚ್ ಕ್ಲರ್ಕ್ ಹತ್ತಿರವೂ ಸರಿಯಾಗಿ ಮಾತಾಡು.

ಹಬ್ಬಕ್ಕೆ ಬರುವಾಗ ಎರಡು ದಿನ ಜಾಸ್ತಿ ರಜೆ ಹಾಕು. ಕ್ರಾಸ್ ಇರುವ ಕೇಸು ವಿಚಾರಿಸಿಟ್ಟಿರುತ್ತೇನೆ, ಇಬ್ಬರೂ ಹೋಗಿ ಕೂರೋಣ.

ಇತಿ,
ನಿನ್ನ ಮಾವ